ಯಾವ ನಕಾಶೆ ನಿಜ?

ಎರಡನೇ ಮಹಾಯುದ್ಧದ ಕಾಲದ ಜರ್ಮನ್ ನಕಾಶೆಯಲ್ಲಿ ಒಂದು ಊರಿದೆ: ಆಶ್ವಿಟ್ಜ್. ಇವತ್ತಿನ ಪೋಲೆಂಡಿನ ನಕಾಶೆ ಬಿಚ್ಚಿದರೆ ಅದೇ ಜಾಗದಲ್ಲಿರೋದು ಓಶ್ವಿಯೆಂಚಿಮ್. ಯಾವ ನಕಾಶೆ ನಿಜ?

ಹೆಸರು ಬರೆದವನ ಕೈಯಲ್ಲಿ ಬಂದೂಕಿತ್ತೇ ಅಂತ ನಾವು ಮೊದಲು ಕೇಳಬೇಕು. 1939ರಲ್ಲಿ ಊರನ್ನು ನುಂಗಿದ ನಾಜಿಗಳು ಹಳೇ ಜರ್ಮನ್ ಹೆಸರನ್ನು ಮತ್ತೆ ಹೇರಿದರು. ಪಕ್ಕದ ಹಳ್ಳಿ ಬ್ಜೆಜಿಂಕಾ ‘ಬಿರ್ಕೆನೌ’ ಆಯಿತು. 1941ರಲ್ಲಿ ಆ ಹಳ್ಳಿಯವರನ್ನು ಒಕ್ಕಲೆಬ್ಬಿಸಿ, ಮನೆ ಕೆಡವಿ, ಅಲ್ಲೇ ಶಿಬಿರ ಕಟ್ಟಿದರು. 1945ರ ಹೊತ್ತಿಗೆ ಈ ಶಿಬಿರಗಳಲ್ಲಿ ಸುಮಾರು 11 ಲಕ್ಷ ಜನರನ್ನು ಕೊಂದಿದ್ದರು; ಅವರಲ್ಲಿ ಸುಮಾರು 10 ಲಕ್ಷ ಯಹೂದಿಗಳು.

ಯುದ್ಧ ಮುಗಿದ ಮೇಲೆ ಊರು ತನ್ನ ಹೆಸರನ್ನು ವಾಪಸ್ ಪಡೆಯಿತು. ಇದು ನ್ಯಾಯವೇ. ಕೊಂದವರು ಹೇರಿದ ಹೆಸರಲ್ಲೇ ಊರನ್ನು ಕರೆದರೆ ಅಲ್ಲಿ ಬದುಕೋ ಜನ ಬೇರೆಯವರ ಪಾಪ ಹೊರಬೇಕಾಗುತ್ತೆ. ಹಾಗಂತ ಆ ಹೆಸರನ್ನು ಪೂರಾ ಅಳಿಸಿಬಿಟ್ಟರೆ ಕೊಲೆಯ ಸಾಕ್ಷಿಯೂ ಅಳಿಸಿಹೋಗುತ್ತೆ. 2007ರಲ್ಲಿ ಪೋಲೆಂಡಿನ ಕೋರಿಕೆಯಂತೆ ಯುನೆಸ್ಕೋ ತನ್ನ ಪಟ್ಟಿಯಲ್ಲಿ ಶಿಬಿರದ ಹೆಸರಿಗೆ ‘ಜರ್ಮನ್ ನಾಜಿ’ ಅನ್ನೋದನ್ನು ಸೇರಿಸಿತು. ಪಾಪ ಯಾರದು ಅನ್ನೋದು ಹೆಸರಲ್ಲೇ ಇರಲಿ ಅಂತ.

ಆದರೆ ನಮ್ಮನ್ನು ಕಾಡೋದು ಮೂರನೇ ಹೆಸರು. ಯುದ್ಧಕ್ಕೆ ಮುಂಚೆ ಆ ಊರಿನ ಅರ್ಧಕ್ಕಿಂತ ಹೆಚ್ಚು ಜನ ಯಹೂದಿಗಳು. ಅವರ ಯಿಡ್ಡಿಶ್ ಮಾತಲ್ಲಿ ಅದು ‘ಓಶ್ಪಿಟ್ಸಿನ್’. ಆ ಹೆಸರು ಗೆದ್ದು ಬಂದವನ ನಕಾಶೆಯಲ್ಲೂ ಇರಲಿಲ್ಲ, ಬಿಡುಗಡೆಯಾದವರ ನಕಾಶೆಯಲ್ಲೂ ಇಲ್ಲ. ಹಾಗೆ ಕರೀತಿದ್ದ ಸಮುದಾಯವೇ ಈಗ ಅಲ್ಲಿಲ್ಲ.

ನಕಾಶೆ ತಿದ್ದೋದು ಸರ್ಕಾರಗಳ ಕೆಲಸ. ಅದರಲ್ಲಿಲ್ಲದ ಹೆಸರನ್ನು ಬಾಯಲ್ಲಿ ಉಳಿಸಿಕೊಳ್ಳೋದು ನಮ್ಮ ಕೆಲಸ. ಅಷ್ಟನ್ನೂ ಮಾಡದ ನಾವು ನ್ಯಾಯದ ಮಾತಾಡೋದು ಹೇಗೆ?