ಪೂರ್ತಿಯಾಗದ ಆಣೆ

ಊರಾಚೆ ನಿಂತ ಒಂದು ಟ್ರೇಲರ್ ಮನೆ. ಅದರೊಳಗೆ ನಡುವಯಸ್ಸಿನ ಒಬ್ಬಂಟಿ ಗಂಡಸು. ಮಗಳು ಬಂದು ತನ್ನ ಮದುವೆಯ ಸುದ್ದಿ ಹೇಳಿ ಹೋಗಿದ್ದಾಳೆ, ಸ್ವೆಟರನ್ನು ಮರೆತಿದ್ದಾಳೆ. ಅವನು ಅದನ್ನು ಮಡಿಸಿ ಎತ್ತಿಡಲು ಕಪಾಟಿನ ಬಾಗಿಲು ತೆರೆಯುತ್ತಾನೆ. ಒಳಗೆ ಒಂದೇ ಹ್ಯಾಂಗರಿನಲ್ಲಿ ಒಂದರೊಳಗೊಂದು ತೊಡಿಸಿದ ಎರಡು ಹಳೆಯ ಅಂಗಿಗಳು, ಜೊತೆಗೆ ಒಂದು ಬೆಟ್ಟದ ಪೋಸ್ಟ್‌ಕಾರ್ಡ್. ಅಂಗಿಯ ಗುಂಡಿಯೊಂದನ್ನು ಹಾಕುತ್ತಾನೆ. ಕಣ್ಣು ತುಂಬಿ ಬರುತ್ತದೆ. ತೀರಿಹೋದ ಗೆಳೆಯನ ಹೆಸರು ಹಿಡಿದು ಕರೆದು ಆಣೆ ಮಾಡುತ್ತಾನೆ. ಏನೆಂದು ಆಣೆ? ಅದನ್ನು ಹೇಳುವುದೇ ಇಲ್ಲ. ಚಿತ್ರ ಮುಗಿಯುತ್ತದೆ.

ಆಂಗ್ ಲೀ ನಿರ್ದೇಶಿಸಿದ ‘ಬ್ರೋಕ್‌ಬ್ಯಾಕ್ ಮೌಂಟನ್’ ತೆರೆಗೆ ಬಂದದ್ದು 2005ರಲ್ಲಿ. ಆನಿ ಪ್ರೂ 1997ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಣ್ಣಕತೆ ಅದಕ್ಕೆ ಮೂಲ. 1963ರ ಬೇಸಿಗೆಯಲ್ಲಿ ಅಮೆರಿಕದ ವಯೋಮಿಂಗ್ ಸೀಮೆಯ ಬೆಟ್ಟದಲ್ಲಿ ಕುರಿ ಕಾಯಲು ಹೋದ ಎನಿಸ್ ಮತ್ತು ಜ್ಯಾಕ್ ಎಂಬ ಇಬ್ಬರು ಬಡ ಹುಡುಗರು ಪರಸ್ಪರ ಸೋಲುತ್ತಾರೆ. ಆಮೇಲೆ ಇಬ್ಬರಿಗೂ ಮದುವೆಯಾಗುತ್ತದೆ, ಮಕ್ಕಳಾಗುತ್ತವೆ. ಸುಮಾರು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಮೀನು ಹಿಡಿಯುವ ನೆಪದಲ್ಲಿ ಆಗೊಮ್ಮೆ ಈಗೊಮ್ಮೆ ಸೇರುತ್ತಾರೆ. ಒಟ್ಟಿಗೆ ಬಾಳೋಣ ಎಂದು ಜ್ಯಾಕ್ ಮತ್ತೆ ಮತ್ತೆ ಕೇಳುತ್ತಾನೆ. ಎನಿಸ್ ಒಪ್ಪುವುದಿಲ್ಲ. ಮೂವತ್ತೊಂಬತ್ತನೆಯ ವಯಸ್ಸಿಗೆ ಜ್ಯಾಕ್ ಸಾಯುತ್ತಾನೆ. ಕೊನೆಯ ದೃಶ್ಯದಲ್ಲಿ ಎನಿಸ್ ಕಪಾಟಿನ ಮುಂದೆ ಆಡಿದ ಆ ಅರ್ಧ ಮಾತಿಗೆ ಏನು ಅರ್ಥ ಎಂದು ನೋಡಿದವರು ಇಂದಿಗೂ ವಾದಿಸುತ್ತಾರೆ. ಕ್ಷಮೆ ಕೇಳಿದ ಎನ್ನುವವರಿದ್ದಾರೆ, ಮರೆಯುವುದಿಲ್ಲ ಎಂದು ಮಾತು ಕೊಟ್ಟ ಎನ್ನುವವರಿದ್ದಾರೆ. ಮಗಳ ಮದುವೆಯ ಸುದ್ದಿ ಬಂದ ಗಳಿಗೆಯಲ್ಲೇ ಅವನೂ ತನ್ನ ಮದುವೆಯ ಪ್ರತಿಜ್ಞೆ ಮಾಡಿಕೊಂಡ ಎಂಬುದು ಇನ್ನು ಕೆಲವರ ಓದು.

ಈ ವಾದದಲ್ಲಿ ನಾವು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತೇವೆ. ಚಿತ್ರದ ಕೊನೆಯ ಭಾಗದಲ್ಲಿ ಎರಡು ಅಸ್ಪಷ್ಟತೆಗಳಿವೆ, ಎರಡರ ಜಾತಿಯೂ ಬೇರೆ. ಒಂದಕ್ಕೆ ಹಾಕಬೇಕಾದ ಪ್ರಶ್ನೆಯನ್ನು ನಾವು ಇನ್ನೊಂದಕ್ಕೆ ಹಾಕುತ್ತೇವೆ.

ಮೊದಲನೆಯದು ಜ್ಯಾಕ್‌ನ ಸಾವು. ಎನಿಸ್ ಬರೆದ ಕಾರ್ಡು, ಪಡೆಯಬೇಕಾದವನು ಮೃತನಾಗಿದ್ದಾನೆ ಎಂಬ ಮುದ್ರೆ ಹೊತ್ತು ಹಿಂದಿರುಗುತ್ತದೆ. ಅವನು ಜ್ಯಾಕ್ ಇದ್ದ ಟೆಕ್ಸಾಸ್‌ಗೆ ಫೋನ್ ಮಾಡುತ್ತಾನೆ. ಟೈರಿಗೆ ಗಾಳಿ ತುಂಬುವಾಗ ಅದು ಸಿಡಿದು, ರಿಮ್ಮು ಮುಖಕ್ಕೆ ಬಡಿದು, ರಸ್ತೆಯಲ್ಲಿ ಪ್ರಜ್ಞೆತಪ್ಪಿ ಬಿದ್ದಲ್ಲೇ ಸತ್ತ ಎಂದು ಜ್ಯಾಕ್‌ನ ಹೆಂಡತಿ ಲುರೀನ್ ಏರಿಳಿತವಿಲ್ಲದ ದನಿಯಲ್ಲಿ, ಬಾಯಿಪಾಠ ಒಪ್ಪಿಸಿದಂತೆ ಹೇಳುತ್ತಾಳೆ. ಆ ಮಾತು ಕೇಳುತ್ತಿರುವಾಗಲೇ ತೆರೆಯ ಮೇಲೆ ಕೆಲವು ಗಂಡಸರು ಜ್ಯಾಕ್‌ನನ್ನು ಬಡಿಯುವ ದೃಶ್ಯ ಮಿಂಚಿ ಹೋಗುತ್ತದೆ. ಅದು ನಡೆದದ್ದೋ, ಎನಿಸ್‌ನ ಊಹೆಯೋ? ಚಿತ್ರ ಹೇಳುವುದಿಲ್ಲ. ಊಹೆಯ ಬೇರು ಮಾತ್ರ ನಮಗೆ ಗೊತ್ತು. ಒಟ್ಟಿಗೆ ಬಾಳುತ್ತಿದ್ದ ಇಬ್ಬರು ಗಂಡಸರಲ್ಲಿ ಒಬ್ಬನನ್ನು ಊರವರು ಟೈರ್ ಕಳಚುವ ಕಬ್ಬಿಣದಿಂದ ಹೊಡೆದು ಕೊಂದಿದ್ದರು. ಎನಿಸ್‌ಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪನೇ ಅವನನ್ನು ಕರೆದೊಯ್ದು ಆ ಹೆಣ ತೋರಿಸಿದ್ದ.

ಜ್ಯಾಕ್ ಹೇಗೆ ಸತ್ತ ಎಂಬುದಕ್ಕೆ ಆ ಕತೆಯ ಲೋಕದಲ್ಲಿ ಒಂದು ಉತ್ತರ ಇದ್ದೇ ಇದೆ, ಅಪಘಾತ ಅಥವಾ ಕೊಲೆ. ಆದರೆ ಆ ಉತ್ತರ ತಿಳಿಯುವ ಹಕ್ಕು ಎನಿಸ್‌ಗಿಲ್ಲ. ಅವನು ಸತ್ತವನಿಗೆ ಏನಾಗಬೇಕು? ಫೋನಿನಲ್ಲಿ ಹೇಳಿಕೊಳ್ಳಬಹುದಾದ್ದು ಗೆಳೆಯ ಎಂಬ ಒಂದೇ ಮಾತು. ಗೆಳೆಯನಾದವನು ಪೊಲೀಸರನ್ನು ಕೇಳಲಾರ, ಹೆಂಡತಿಯ ಮಾತಿಗೆ ಎದುರು ಪ್ರಶ್ನೆ ಹಾಕಲಾರ. ಚಿತಾಭಸ್ಮವನ್ನು ಬ್ರೋಕ್‌ಬ್ಯಾಕ್ ಬೆಟ್ಟದಲ್ಲಿ ಚೆಲ್ಲಬೇಕೆಂದು ಜ್ಯಾಕ್ ಬಯಸಿದ್ದ. ಅದರಲ್ಲಿ ಅರ್ಧ ಟೆಕ್ಸಾಸ್‌ನಲ್ಲಿ ಉಳಿಯುತ್ತದೆ, ಅರ್ಧ ತಂದೆತಾಯಿಯ ಮನೆಗೆ ಹೋಗುತ್ತದೆ. ಬೆಟ್ಟಕ್ಕೆ ಒಯ್ಯುತ್ತೇನೆ ಎಂದು ಎನಿಸ್ ಬೇಡಿದರೂ ಜ್ಯಾಕ್‌ನ ಅಪ್ಪ ಕೊಡುವುದಿಲ್ಲ. ಇಲ್ಲಿನ ಅಸ್ಪಷ್ಟತೆ ಪ್ರೇಕ್ಷಕರಿಗೆ ಒಡ್ಡಿದ ಒಗಟಲ್ಲ. ಹೆಸರಿಲ್ಲದ ಸಂಬಂಧಕ್ಕೆ ಸಮಾಜ ಕೊಟ್ಟ ಶಿಕ್ಷೆ ಇದು. ಎನಿಸ್‌ಗೆ ಸಿಗದ ತೀರ್ಮಾನವನ್ನು ನಮ್ಮ ಕೈಗೆ ಕೊಡದಿರುವ ಮೂಲಕ ಚಿತ್ರ ಆ ಶಿಕ್ಷೆಯ ಭಾರವನ್ನು ನಮಗೂ ಸ್ವಲ್ಪ ಹೊರಿಸುತ್ತದೆ.

ಎರಡನೆಯದು ಆಣೆ. ಇಲ್ಲಿ ಎಲ್ಲೋ ಅಡಗಿಸಿಟ್ಟ ಸತ್ಯ ಯಾವುದೂ ಇಲ್ಲ. ಎನಿಸ್‌ನ ಮನಸ್ಸಿನಲ್ಲಿ ಇಡೀ ವಾಕ್ಯ ಸಿದ್ಧವಾಗಿತ್ತು, ನಮಗೆ ಅರ್ಧ ಮಾತ್ರ ಕೇಳಿಸಿತು ಎಂದು ತಿಳಿಯಲು ಯಾವ ಆಧಾರವೂ ಇಲ್ಲ. ವಾಕ್ಯ ಅವನಲ್ಲೇ ಪೂರ್ತಿಯಾಗಿಲ್ಲ. ಯಾಕಾಗಿಲ್ಲ ಎಂದು ಕೇಳಿದರೆ ಚಿತ್ರದ ತಿರುಳಿಗೆ ಹತ್ತಿರ ಹೋಗುತ್ತೇವೆ.

ನಮ್ಮ ಭಾಷೆಯಲ್ಲಿ ಆಣೆ ಎಂದೊಡನೆ ಯಾರ ಮೇಲೆ ಎಂಬ ಪ್ರಶ್ನೆ ಬರುತ್ತದೆ. ದೇವರಾಣೆ, ತಾಯಾಣೆ, ನಿನ್ನಾಣೆ. ಸುಳ್ಳು ಆಣೆಯ ಕೇಡು ಯಾರ ಹೆಸರಿನಲ್ಲಿ ಆಣೆಯಿಟ್ಟೆವೋ ಅವರಿಗೆ ತಟ್ಟುತ್ತದೆ ಎಂಬ ನಂಬಿಕೆಯಿಂದಲೇ ಮಕ್ಕಳ ತಲೆ ಮುಟ್ಟಿ ಆಣೆ ಮಾಡಬೇಡ ಎಂದು ಹಿರಿಯರು ಗದರುತ್ತಾರೆ. ಆಣೆ ಎಂಬುದು ಆಜ್ಞೆಯ ತದ್ಭವವೂ ಹೌದು, ಹಳಗನ್ನಡದಲ್ಲಿ ಅರಸನ ಅಪ್ಪಣೆಗೂ ಇದೇ ಪದ. ಅಂದರೆ ಆಣೆಯಿಡುವವನು ಇನ್ನೊಬ್ಬರ ಹೆಸರಿನಲ್ಲಿ ತನಗೆ ತಾನೇ ಅಪ್ಪಣೆ ಮಾಡಿಕೊಳ್ಳುತ್ತಾನೆ. ಕೆಲವು ಮಾತುಗಳು ಸುದ್ದಿ ಹೇಳುವುದಿಲ್ಲ, ಆಡಿದೊಡನೆ ಕೆಲಸ ಮಾಡುತ್ತವೆ ಎಂದು ತೋರಿಸಿಕೊಟ್ಟ ತತ್ತ್ವಜ್ಞಾನಿ ಜೆ. ಎಲ್. ಆಸ್ಟಿನ್ ಅಂಥವುಗಳಲ್ಲಿ ಮಾತುಕೊಡುವುದನ್ನೂ ಸೇರಿಸಿದರು. ಮಾತು ಕೊಟ್ಟದ್ದು ನೆಲೆಗೊಳ್ಳಬೇಕಾದರೆ ಪಡೆಯುವವರು ಬೇಕು. ಕೊಟ್ಟ ಮಾತಿನಿಂದ ನಮ್ಮನ್ನು ಬಿಡುಗಡೆ ಮಾಡಬಲ್ಲವರೂ ಅವರೇ.

ಎನಿಸ್‌ನ ಆಣೆ ಪಡೆಯುವವನು ಸತ್ತಿದ್ದಾನೆ. ಅವನು ಕೇಳಿಸಿಕೊಳ್ಳಲಾರ, ಬಿಡುಗಡೆ ಮಾಡಲೂ ಆರ. ಆ ವಾಕ್ಯವನ್ನು ಏನೆಂದು ಮುಗಿಸಬಹುದಿತ್ತು? ನಿನ್ನ ಜೊತೆ ಬರುತ್ತೇನೆ ಎಂದೇ, ಇನ್ನು ಹೆದರುವುದಿಲ್ಲ ಎಂದೇ, ನೀನು ಕೇಳಿದ ಆ ಪುಟ್ಟ ಜಮೀನಿನಲ್ಲಿ ಇಬ್ಬರೂ ದನ ಸಾಕಿಕೊಂಡು ಇರೋಣ ಎಂದೇ? ಜ್ಯಾಕ್ ಕೇಳಲು ಹಂಬಲಿಸಿದ ಪ್ರತಿಯೊಂದು ಮಾತಿಗೂ ಹೊತ್ತು ಮೀರಿದೆ. ಈಗ ಹೇಳಿದರೆ ಅವು ಅಗ್ಗದ ಮಾತುಗಳಾಗುತ್ತವೆ, ಏಕೆಂದರೆ ನಡೆಸಿಕೊಡುವ ಹೊಣೆ ಇನ್ನು ಇಲ್ಲ. ಹೀಗಾಗಿ ಒಳಗೇನೂ ಇಲ್ಲದ ಆಣೆಯೊಂದೇ ಅವನಿಗೆ ಉಳಿದಿರುವ ಪ್ರಾಮಾಣಿಕ ಮಾತು. ನಾವು ಏನನ್ನೇ ಸೇರಿಸಿ ಅದನ್ನು ಮುಗಿಸಿದರೂ ಅವನ ಇಪ್ಪತ್ತು ವರ್ಷದ ವಿಳಂಬವನ್ನು ಅಳಿಸಿದಂತಾಗುತ್ತದೆ.

ಹಾಗೆಂದು ಯಾವ ಅರ್ಥ ಬೇಕಾದರೂ ಹಚ್ಚಬಹುದು ಎಂದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿಯ, ಅಂದರೆ ಹೇಳದೆ ಸೂಚಿಸುವ ಅರ್ಥದ ಬಗ್ಗೆ ಬರೆಯುವಾಗ ದೀಪದ ಹೋಲಿಕೆ ಕೊಡುತ್ತಾನೆ. ಬೆಳಕು ಬೇಕಾದವನು ದೀಪದ ಕುಡಿಯನ್ನು ಜೋಪಾನ ಮಾಡುವಂತೆ, ಸೂಚಿತವಾದ ವ್ಯಂಗ್ಯಾರ್ಥ ಬೇಕಾದವನು ನೇರವಾಗಿ ಹೇಳಿದ ವಾಚ್ಯವನ್ನು ಆದರದಿಂದ ನೋಡಬೇಕು. ಇಲ್ಲಿನ ವಾಚ್ಯ ಎರಡು ಅಂಗಿಗಳು. ಜ್ಯಾಕ್‌ನ ಬಾಲ್ಯದ ಕೋಣೆಯಲ್ಲಿ ಸಿಕ್ಕಾಗ ಎನಿಸ್‌ನ ಅಂಗಿ ಒಳಗಿತ್ತು, ಜ್ಯಾಕ್‌ನದು ಹೊರಗೆ. ಮೊದಲ ಬೇಸಿಗೆಯಲ್ಲಿ ಕಳೆದುಹೋಯಿತೆಂದು ಎನಿಸ್ ಅಂದುಕೊಂಡಿದ್ದ ಅಂಗಿಯನ್ನು ಜ್ಯಾಕ್ ಇಷ್ಟು ವರ್ಷ ತನ್ನದರೊಳಗೆ ಕಾಪಾಡಿಕೊಂಡಿದ್ದ. ಕೊನೆಯ ದೃಶ್ಯದಲ್ಲಿ ಅದು ಅದಲುಬದಲಾಗಿದೆ. ಈಗ ಜ್ಯಾಕ್‌ನ ಅಂಗಿ ಒಳಗೆ, ಎನಿಸ್‌ನದು ಅದನ್ನು ಅಪ್ಪಿಕೊಂಡು ಹೊರಗೆ. ಯಾರೂ ಮಾತಾಡಿ ತೋರಿಸದ ಈ ಬದಲಾವಣೆ ಒಂದು ಉತ್ತರ. ಕಾಯುವ ಸರದಿ ಈಗ ತನ್ನದು ಎಂದು ಅವನು ಒಪ್ಪಿಕೊಂಡಿದ್ದಾನೆ. ಎನಿಸ್ ಹಳೆಯದನ್ನು ಬಿಟ್ಟು ಮುಂದೆ ಸಾಗಿದ ಎನ್ನುವ ಓದು ಈ ಅಂಗಿಗಳ ಮುಂದೆ ನಿಲ್ಲುವುದಿಲ್ಲ.

ಇಂಥ ಕೊನೆಗೆ ಒಂದು ಬಲವಾದ ಆಕ್ಷೇಪವಿದೆ. ಸಲಿಂಗಪ್ರೇಮಿಗಳ ಕತೆ ಯಾಕೆ ಯಾವಾಗಲೂ ಸಾವಿನಲ್ಲೋ ಮಬ್ಬಿನಲ್ಲೋ ಮುಗಿಯಬೇಕು? 1934ರಿಂದ ಕಟ್ಟುನಿಟ್ಟಾಗಿ ಜಾರಿಯಾಗಿ 1968ರಲ್ಲಿ ಕೊನೆಗೊಂಡ ಹಾಲಿವುಡ್‌ನ ನೀತಿಸಂಹಿತೆ ಇಂಥ ಪ್ರೇಮವನ್ನು ತೋರಿಸುವುದನ್ನೇ ಬಹುಕಾಲ ತಡೆದಿತ್ತು. ಅಸ್ಪಷ್ಟತೆ ಆಗ ಕಲೆಯ ಆಯ್ಕೆಯಾಗಿರಲಿಲ್ಲ, ಉಸಿರಾಡಲು ಇದ್ದ ಒಂದೇ ಕಿಂಡಿಯಾಗಿತ್ತು. ಇ. ಎಂ. ಫಾರ್ಸ್ಟರ್ 1913-14ರಲ್ಲಿ ಬರೆದ ‘ಮಾರಿಸ್’ ಕಾದಂಬರಿಯಲ್ಲಿ ಇಬ್ಬರು ಗಂಡಸರು ಸುಖವಾಗಿ ಒಂದಾಗಲೇಬೇಕೆಂದು ಪಟ್ಟುಹಿಡಿದರು. ಆ ಪುಸ್ತಕ ಹೊರಬಂದದ್ದು 1971ರಲ್ಲಿ, ಅವರ ಮರಣಾನಂತರ. ಸುಖಾಂತಕ್ಕಾಗಿ ಸುಮಾರು ಆರು ದಶಕ ಕಾದ ಪರಂಪರೆಗೆ ಸೇರಿದವರು ಸ್ಪಷ್ಟ ಸಂತೋಷವನ್ನು ಕೇಳಿದರೆ ಅದು ಬಾಲಿಶ ಬೇಡಿಕೆಯಲ್ಲ, ನ್ಯಾಯ. ಆದ್ದರಿಂದ ಪ್ರೂ ಅವರ ಕತೆಗೆ ಬೇರೆ ಕೊನೆ ಬರೆದು ಅವರಿಗೇ ಕಳಿಸುತ್ತಿದ್ದ ಓದುಗರ ಬಗ್ಗೆ ನನಗೆ ಮರುಕವಿದೆ. ಆ ಪತ್ರಗಳಿಂದ ಬೇಸತ್ತು ಈ ಕತೆಯನ್ನು ಬರೆಯದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಲೇಖಕಿ ಹೇಳಿಕೊಂಡದ್ದೂ ಅರ್ಥವಾಗುತ್ತದೆ. ಸುಖದ ಕತೆಗಳು ಬೇಕು, ನೂರಾರು ಬೇಕು. ಆದರೆ ಅವನ್ನು ಎನಿಸ್‌ನ ಕಪಾಟಿನೊಳಗೆ ತುರುಕಿದರೆ ಒಂಬತ್ತು ವರ್ಷದ ಹುಡುಗನಿಗೆ ಹೆಣ ತೋರಿಸಿದ ಆ ಅಪ್ಪ ತಪ್ಪಿಸಿಕೊಳ್ಳುತ್ತಾನೆ.

ಆ ಅಪ್ಪ ಬರೀ ವಯೋಮಿಂಗಿನವನಲ್ಲ. ಭಾರತದಲ್ಲಿ 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರತಂದಿತು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಅಂಥವರ ಮದುವೆಗೆ ಮಾನ್ಯತೆ ಕೊಡಲಿಲ್ಲ. ಪ್ರೀತಿಸಿದ್ದಕ್ಕೆ ಜೈಲಿಲ್ಲ, ಆದರೆ ಸಾವಿನ ಸುದ್ದಿ ಮೊದಲು ಯಾರಿಗೆ ಮುಟ್ಟಬೇಕು, ಅಸ್ಥಿ ಯಾರ ಪಾಲಿಗೆ ಎಂಬ ಪ್ರಶ್ನೆಗಳ ಎದುರು ಸಂಗಾತಿ ಇನ್ನೂ ಬರೀ ಗೆಳೆಯನೇ, ಗೆಳತಿಯೇ. ಮೊದಲ ಬಗೆಯ ಅಸ್ಪಷ್ಟತೆಯನ್ನು ಕಾನೂನು ತೊಡೆಯಬಹುದು, ತೊಡೆಯಬೇಕು. ಎರಡನೆಯದನ್ನು ಯಾವ ತೀರ್ಪೂ ಮುಟ್ಟಲಾರದು. ಹೇಳಬೇಕಾದದ್ದನ್ನು ಹೊತ್ತಿಗೆ ಸರಿಯಾಗಿ ಹೇಳದ ಮನುಷ್ಯ ಎಲ್ಲ ಕಾಲದಲ್ಲೂ ಒಂದು ಕಪಾಟಿನ ಮುಂದೆ ನಿಲ್ಲುತ್ತಾನೆ.

ಆಣೆಗೆ ಕೆಲವೇ ನಿಮಿಷ ಮುಂಚೆ ನಡೆದದ್ದನ್ನು ಮತ್ತೊಮ್ಮೆ ನೋಡಬೇಕು. ಆ ಹುಡುಗ ನಿನ್ನನ್ನು ಪ್ರೀತಿಸುತ್ತಾನೆಯೇ ಎಂದು ಎನಿಸ್ ಮಗಳನ್ನು ಕೇಳುತ್ತಾನೆ. ಮದುವೆಗೆ ಕರೆದಾಗ ಮೊದಲು ದನ ಕೂಡಿಸುವ ಕೆಲಸವಿದೆ ಎನ್ನುತ್ತಾನೆ. ಜ್ಯಾಕ್ ಕರೆದಾಗಲೂ ಅವನ ಬಾಯಲ್ಲಿ ಬರುತ್ತಿದ್ದ ನೆಪ ಇದೇ, ಕೆಲಸ. ಮಗಳ ಮುಖ ಬಾಡುವುದನ್ನು ಕಂಡು ಮಾತು ಬದಲಿಸುತ್ತಾನೆ. ಕೆಲಸ ಹೋದರೆ ಹೋಗಲಿ, ಬರುತ್ತೇನೆ ಎನ್ನುತ್ತಾನೆ. ಸತ್ತವನಿಗೆ ಹೇಳಲು ವಾಕ್ಯ ಉಳಿದಿರಲಿಲ್ಲ. ಬದುಕಿರುವವಳಿಗೆ ಹೇಳಲು ಒಂದು ಉಳಿದಿತ್ತು, ಅದನ್ನು ಅವನು ಆಗಲೇ ಪೂರ್ತಿಯಾಗಿ ಹೇಳಿ ಮುಗಿಸಿದ್ದ.