ನಕ್ಷತ್ರವಿಲ್ಲದ ಹುಡುಗಿಯ ಹಕ್ಕು

ಹತ್ತು ವರ್ಷದ ಹೊತಾರು ಇಮಾಯಿ ತನ್ನ ಹಳ್ಳಿ ಬಿಟ್ಟು ಟೋಕಿಯೋಗೆ ಹೊರಡುತ್ತಾಳೆ. ಮಕ್ಕಳು ಕಡಿಮೆಯಾಗಿ ಊರಿನ ಶಾಲೆ ಮುಚ್ಚುವ ಹಂತಕ್ಕೆ ಬಂದಿದೆ. ಅಸಾಧಾರಣ ಶಕ್ತಿಯ ಮಕ್ಕಳಿಗೆಂದೇ ಇರುವ ಒಂದು ಅಕಾಡೆಮಿ ಅವಳನ್ನು ಕೇಳಿದೆ. ಅವಳನ್ನು ಒಪ್ಪಿಸಿದರೆ ಹಳ್ಳಿಯ ಶಾಲೆಗೆ ದೊಡ್ಡ ಮೊತ್ತ ಬರುತ್ತದೆ. ಆ ಶಾಲೆ ಉಳಿಯಲಿ ಎಂದು ಎಲ್ಲರಿಗಿಂತ ಹೆಚ್ಚು ಒದ್ದಾಡುತ್ತಿದ್ದವಳು ಗೆಳತಿ ಮಿಕಾನ್ ಸಕುರಾ. ಅವಳಿಗಾಗಿಯೇ ಹೊತಾರು ಹೋಗುತ್ತಾಳೆ, ಅವಳಿಗೆ ಕಾರಣ ಹೇಳದೆ ಹೋಗುತ್ತಾಳೆ.

ಒಂದು ಮಗುವನ್ನು ಕೊಟ್ಟು ಒಂದು ಶಾಲೆಯನ್ನು ಉಳಿಸಿಕೊಂಡಂತಾಯಿತು. ಈ ವ್ಯವಹಾರದಲ್ಲಿ ಯಾರೂ ಯಾರ ಕೈಯನ್ನೂ ತಿರುಚಿಲ್ಲ. ಊರಿಗೆ ಲಾಭ, ಗೆಳತಿಗೆ ಲಾಭ, ಹೊತಾರುವಿಗೂ ಒಳ್ಳೆಯ ಓದು. ಆದರೂ ಇದು ತಪ್ಪು ಎಂದೇ ನನ್ನ ನಂಬಿಕೆ. ಏಕೆ ತಪ್ಪು ಎಂದು ಹೇಳಹೊರಟರೆ ಮಾತ್ರ ನಮ್ಮ ಬಹಳಷ್ಟು ಒಪ್ಪಿತ ವಿಚಾರಗಳನ್ನು ಅಲುಗಾಡಿಸಬೇಕಾಗುತ್ತದೆ.

ತಚಿಬಾನಾ ಹಿಗುಚಿ ಬರೆದು ಚಿತ್ರಿಸಿದ ‘ಗಕುಎನ್ ಆಲಿಸ್’ ಎಂಬ ಮಂಗಾ, ಅಂದರೆ ಜಪಾನಿ ಚಿತ್ರಕಥೆ, ಶುರುವಾಗುವುದು ಹೀಗೆ. ಹಕುಸೆನ್‌ಶಾ ಪ್ರಕಾಶನದ ‘ಹಾನಾ ತೊ ಯುಮೆ’ ಪತ್ರಿಕೆಯಲ್ಲಿ 2002ರಲ್ಲಿ ಆರಂಭವಾಗಿ 2013ಕ್ಕೆ ಮುಗಿಯಿತು. ಒಟ್ಟು 31 ಸಂಪುಟ. ತಕಾಹಿರೊ ಓಮೊರಿ ನಿರ್ದೇಶನದ 26 ಕಂತುಗಳ ಅನಿಮೆ (ಅನಿಮೇಷನ್ ಸರಣಿ) 2004–05ರಲ್ಲಿ ಬಂತು. ಅಷ್ಟು ಹೊತ್ತಿಗೆ ಮೂಲ ಕಥೆ ಇನ್ನೂ ಅರ್ಧ ದಾರಿಯನ್ನೂ ಕ್ರಮಿಸಿರಲಿಲ್ಲ. ಹಾಗಾಗಿ ಅನಿಮೆ ಮಾತ್ರ ನೋಡಿದವರಿಗೆ ಇದು ನಗು, ಜಗಳ, ಹಬ್ಬಗಳ ಲವಲವಿಕೆಯ ಶಾಲಾ ಕಥೆ. ಮಂಗಾವನ್ನು ಕೊನೆಯವರೆಗೂ ಓದಿದವರಿಗೆ ಸಿಗುವುದು ಬೇರೆಯೇ ಪುಸ್ತಕ. ಕಡೆಯ ಸಂಪುಟಗಳಲ್ಲಿ ಕಥೆ ಮಿಕಾನ್‌ಳ ತಾಯಿಯ ಕಾಲಕ್ಕೂ ಹೋಗಿ ಬಂದು ಸ್ವಲ್ಪ ಎಳೆದಂತಾಗುತ್ತದೆ ನಿಜ. ಆದರೆ ಮಗುವಿನ ಶಕ್ತಿ ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಹಿಗುಚಿ ಎಲ್ಲಿಯೂ ಕೈಬಿಡುವುದಿಲ್ಲ.

ಆ ಲೋಕದಲ್ಲಿ ಹುಟ್ಟಿನಿಂದ ಬಂದ ಅಸಾಧಾರಣ ಶಕ್ತಿಗೆ ‘ಆಲಿಸ್’ ಎಂದು ಹೆಸರು. ಅದುಳ್ಳವರನ್ನೂ ಹಾಗೆಯೇ ಕರೆಯುತ್ತಾರೆ. ಹೊತಾರುವಿನದು ಯಂತ್ರಗಳನ್ನು ಕಂಡುಹಿಡಿಯುವ ಆಲಿಸ್. ಪ್ರಾಣಿಗಳನ್ನು ಒಲಿಸಿಕೊಳ್ಳುವವರಿದ್ದಾರೆ, ಮನಸ್ಸು ಓದುವವರಿದ್ದಾರೆ, ಬೆಂಕಿ ಹೊತ್ತಿಸುವವರಿದ್ದಾರೆ. ಸರ್ಕಾರದ ಆಸರೆಯಿರುವ ಅಕಾಡೆಮಿ ಅವರನ್ನು ಹುಡುಕಿ ತಂದು, ಎತ್ತರದ ಗೋಡೆಯ ಒಳಗಿಟ್ಟು ಓದಿಸುತ್ತದೆ. ಪದವಿ ಮುಗಿಯುವ ತನಕ ಮನೆಗೆ ಹೋಗುವಂತಿಲ್ಲ. ಮನೆಗೆ ಬರೆದ ಪತ್ರವೂ ಶಾಲೆಯ ಕೈ ದಾಟಿಯೇ ಹೋಗಬೇಕು. ಅಪರೂಪಕ್ಕೆ ಅತ್ಯುತ್ತಮ ವಿದ್ಯಾರ್ಥಿ ಎನಿಸಿಕೊಂಡವರಿಗೆ ಬಹುಮಾನವಾಗಿ ಊರಿಗೆ ಹೋಗಿಬರುವ ಅವಕಾಶ ಸಿಗುತ್ತದೆ. ತಂದೆತಾಯಿಯ ಮುಖ ನೋಡುವುದೇ ಬಹುಮಾನ!

ಮಕ್ಕಳಿಗೆಲ್ಲ ನಕ್ಷತ್ರಗಳ ದರ್ಜೆ ಇದೆ. ಹೆಚ್ಚು ನಕ್ಷತ್ರವಿದ್ದವರಿಗೆ ವಿಶಾಲವಾದ ಕೋಣೆ, ಭರ್ಜರಿ ಊಟ, ಕೈತುಂಬ ಖರ್ಚಿನ ಹಣ. ಗೆಳತಿಯನ್ನು ಹುಡುಕಿಕೊಂಡು ಹೊರಟು, ಹೇಗೋ ಒಳಗೆ ಸೇರಿಕೊಂಡ ಮಿಕಾನ್‌ಗೆ ಸಿಗುವುದು ಒಂದೂ ನಕ್ಷತ್ರವಿಲ್ಲದ ದರ್ಜೆ. ಅವಳಿಗೆ ಅಟ್ಟದ ಮೇಲಿನ ಗೂಡು, ಹೊಟ್ಟೆ ತುಂಬದ ಊಟ. ಹಿಗುಚಿ ಇದನ್ನು ಮೊದಮೊದಲು ತಮಾಷೆಯಾಗಿಯೇ ಚಿತ್ರಿಸುತ್ತಾರೆ. ಹತ್ತು ವರ್ಷದ ಮಗುವಿನ ತಟ್ಟೆಯ ಅನ್ನವನ್ನು ಅದರ ಶಕ್ತಿಯ ಲೆಕ್ಕದಲ್ಲಿ ಅಳೆಯುವುದು ಎಂಥ ಕ್ರೌರ್ಯ ಎಂಬುದು ಓದುಗರಿಗೆ ನಿಧಾನವಾಗಿ ತಟ್ಟುತ್ತದೆ.

ಅಕಾಡೆಮಿಯ ಪರವಾದ ವಾದವನ್ನು ಹಗುರವಾಗಿ ನೋಡಬಾರದು. ಹೊರಗಿನ ಜಗತ್ತು ಈ ಮಕ್ಕಳಿಗೆ ಸುರಕ್ಷಿತವಲ್ಲ. ಅವರನ್ನು ಅಪಹರಿಸಿ ಮಾರುವವರಿದ್ದಾರೆ. ಹತೋಟಿಯಿಲ್ಲದ ಶಕ್ತಿ ಊರನ್ನೇ ಸುಡಬಹುದು, ಹಾಗೆ ಸುಟ್ಟ ಉದಾಹರಣೆಯೂ ಕಥೆಯಲ್ಲಿದೆ. ಊರಿನಲ್ಲಿ ವಿಚಿತ್ರ ಎನಿಸಿಕೊಂಡು ಒಂಟಿಯಾಗಿದ್ದ ಮಗುವಿಗೆ ಇಲ್ಲಿ ತನ್ನಂಥವರು ಸಿಗುತ್ತಾರೆ, ಕಲಿಸುವ ಗುರುಗಳು ಸಿಗುತ್ತಾರೆ. ಇದೆಲ್ಲ ನಿಜವಾದ ಒಳಿತು. ರಕ್ಷಣೆಗೆಂದು ಕಟ್ಟಿದ ಗೋಡೆಯನ್ನು ಸೆರೆಮನೆಯ ಗೋಡೆ ಎಂದು ಕರೆಯುವ ಮೊದಲು, ಆ ಗೋಡೆ ಯಾರ ಹಿತಕ್ಕೆ ನಿಂತಿದೆ ಎಂದು ತಿಳಿಯಲು ಒಂದು ಪರೀಕ್ಷೆ ಬೇಕು.

ಆ ಪರೀಕ್ಷೆಯನ್ನು ಕಥೆಯೇ ಒದಗಿಸುತ್ತದೆ. ಆಲಿಸ್‌ಗಳಲ್ಲಿ ನಾಲ್ಕು ಬಗೆ. ಒಂದು ಬಗೆಯದು ಬಾಲ್ಯ ಮುಗಿಯುತ್ತಲೇ ಆರಿಹೋಗುತ್ತದೆ. ಇನ್ನೊಂದಕ್ಕೆ ಮಿತಿಯೇ ಇಲ್ಲ, ಆದರೆ ಬಳಸಿದಷ್ಟೂ ಆಯುಷ್ಯ ಸವೆಯುತ್ತದೆ. ಬೆಂಕಿಯ ಆಲಿಸ್ ಇರುವ ನತ್ಸುಮೆ ಹ್ಯೂಗಾ ಈ ಕೊನೆಯ ಬಗೆಯವನು. ಮಕ್ಕಳ ರಕ್ಷಣೆಯೇ ಅಕಾಡೆಮಿಯ ಗುರಿಯಾಗಿದ್ದರೆ ಅವನು ಬೆಂಕಿ ಹೊತ್ತಿಸದಂತೆ ಎಲ್ಲರಿಗಿಂತ ಮೊದಲು ತಡೆಯಬೇಕಿತ್ತು. ನಡೆಯುವುದು ಇದಕ್ಕೆ ತದ್ವಿರುದ್ಧ. ಪರ್ಸೊನಾ ಎಂಬ ಶಿಕ್ಷಕ ಅವನನ್ನು ರಾತ್ರಿ ಹೊತ್ತು ಗುಪ್ತ ಕಾರ್ಯಾಚರಣೆಗಳಿಗೆ ಕಳಿಸುತ್ತಾನೆ. ಹುಡುಗ ಕೆಮ್ಮುತ್ತ, ನಿತ್ರಾಣನಾಗಿ ಹಿಂದಿರುಗಿ, ಬೆಳಿಗ್ಗೆ ತರಗತಿಯಲ್ಲಿ ನಿದ್ದೆ ಮಾಡುತ್ತಾನೆ. ಅವನ ಹೆಸರಿನ ಮುಂದೆ ಮಾತ್ರ ಅತ್ಯುನ್ನತ ದರ್ಜೆಯ ನಕ್ಷತ್ರ. ಮಗುವಿನ ಜೀವಕ್ಕೂ ಮಗುವಿನ ಶಕ್ತಿಗೂ ಘರ್ಷಣೆ ಬಂದಾಗ ಸಂಸ್ಥೆ ಯಾವುದರ ಪಕ್ಕ ನಿಂತಿತು ಎಂಬುದು ಇಲ್ಲಿ ಸ್ಪಷ್ಟವಾಯಿತು. ಗೋಡೆ ಕಾಯುತ್ತಿದ್ದದ್ದು ಬೆಂಕಿಯನ್ನು. ಹುಡುಗ ಆ ಬೆಂಕಿಯನ್ನು ಹೊತ್ತು ತರುವವನಷ್ಟೆ.

ಇಷ್ಟಾದರೂ ಹೊತಾರುವಿನ ಪ್ರಶ್ನೆ ಬಗೆಹರಿಯಲಿಲ್ಲ. ನತ್ಸುಮೆಯ ಮೇಲೆ ನಡೆದದ್ದು ಬಲವಂತ, ಅವಳದು ಸ್ವಂತ ನಿರ್ಧಾರ. ಅವಳ ಪ್ರತಿಭೆಯ ಫಲ ಯಾರಿಗೆ ಸೇರಬೇಕು ಎಂಬುದನ್ನು ಮೊದಲು ನೋಡೋಣ. ದಾರ್ಶನಿಕ ಜಾನ್ ರಾಲ್ಸ್ 1971ರ ‘ಎ ಥಿಯರಿ ಆಫ್ ಜಸ್ಟಿಸ್’ ಕೃತಿಯಲ್ಲಿ ಹುಟ್ಟಿನಿಂದ ಬಂದ ಪ್ರತಿಭೆಗೆ ಯಾರೂ ಅರ್ಹತೆಯಿಂದ ಹಕ್ಕುದಾರರಲ್ಲ, ಅದು ನಸೀಬಿನಿಂದ ಬಂದದ್ದು ಎಂದು ವಾದಿಸಿದರು. ಆದ್ದರಿಂದ ಪ್ರತಿಭೆ ಸಮಾಜದಲ್ಲಿ ಹೀಗೆ ಹೆಚ್ಚುಕಡಿಮೆಯಾಗಿ ಹಂಚಿಹೋಗಿರುವುದನ್ನು ಒಂದು ಸಾಮೂಹಿಕ ಸಂಪತ್ತಿನಂತೆ ಕಾಣಬೇಕು. ಅದರ ಫಲ ಅತ್ಯಂತ ಹಿಂದುಳಿದವರಿಗೂ ತಲುಪಬೇಕು. ಹಾಗಾದರೆ ಹೊತಾರುವಿನ ಹಳ್ಳಿಯ ಪ್ರಕರಣ ರಾಲ್ಸ್ ಹೇಳಿದಂತೆಯೇ ನಡೆದಿದೆಯಲ್ಲ? ಅವಳ ಪ್ರತಿಭೆಯ ಫಲ ಬಡ ಹಳ್ಳಿಗೆ ಸಿಕ್ಕಿತು. ಇಂಥ ನೆಲೆಯಿಂದಲೇ ಇನ್ನೊಬ್ಬ ದಾರ್ಶನಿಕ ರಾಬರ್ಟ್ ನೋಜಿಕ್ 1974ರಲ್ಲಿ ರಾಲ್ಸ್‌ರನ್ನು ಪ್ರಶ್ನಿಸಿದರು: ವ್ಯಕ್ತಿಯ ಸಾಮರ್ಥ್ಯವನ್ನು ಎಲ್ಲರ ಸಂಪತ್ತೆಂದರೆ ವ್ಯಕ್ತಿಯನ್ನೇ ಸಾಧನವಾಗಿಸಿದಂತಾಗುವುದಿಲ್ಲವೇ?

ನನಗೆ ರಾಲ್ಸ್ ಹೆಚ್ಚು ಸರಿಯೆನಿಸುತ್ತಾರೆ, ಒಂದು ಎಚ್ಚರಿಕೆಯೊಡನೆ. ಅವರು ಸಾಮೂಹಿಕ ಸಂಪತ್ತು ಎಂದದ್ದು ಪ್ರತಿಭೆಯ ಹಂಚಿಕೆಯನ್ನು. ಪ್ರತಿಭಾವಂತರ ದೇಹವನ್ನೋ ದಿನಗಳನ್ನೋ ಅಲ್ಲ. ಅವರ ವಾದದಲ್ಲಿ ಮೂಲ ಸ್ವಾತಂತ್ರ್ಯಗಳಿಗೆ ಮೊದಲ ಸ್ಥಾನ. ಲಾಭದ ಲೆಕ್ಕ ಬರುವುದು ಅದಾದ ಮೇಲೆ. ದೊಡ್ಡವಳಾಗಿ ಯಂತ್ರಗಳನ್ನು ಮಾರಿ ಗಳಿಸಿದ ಹೊತಾರುವಿನಿಂದ ತೆರಿಗೆ ಪಡೆದು ಹಳ್ಳಿಯ ಶಾಲೆ ನಡೆಸುವುದು ನ್ಯಾಯ. ಹತ್ತು ವರ್ಷದ ಹೊತಾರುವನ್ನೇ ಪಡೆದು ಹಳ್ಳಿಯ ಶಾಲೆ ನಡೆಸುವುದು ನ್ಯಾಯವಲ್ಲ.

ಅವಳೇ ಒಪ್ಪಿದ್ದಾಳಲ್ಲ ಎನ್ನುವವರಿಗೆ ಅಭಿಮನ್ಯುವನ್ನು ನೆನಪಿಸುತ್ತೇನೆ. ನಮ್ಮ ಯಕ್ಷಗಾನ ರಂಗದಲ್ಲಿ ಆ ಪ್ರಸಂಗ ನೋಡಿದವರಿಗೆ ಗೊತ್ತು, ಆ ಬಾಲಕ ಅಳುತ್ತ ಹೋಗುವುದಿಲ್ಲ, ಕುಣಿಯುತ್ತ ಹೋಗುತ್ತಾನೆ. ಚಕ್ರವ್ಯೂಹವನ್ನು ಹೊಗುವ ವಿದ್ಯೆ ಪಾಳಯದಲ್ಲಿ ಆಗ ಅವನೊಬ್ಬನಿಗೇ ಗೊತ್ತಿತ್ತು. ಹೊರಬರುವುದು ಗೊತ್ತಿರಲಿಲ್ಲ ಎಂಬುದು ಕಳಿಸಿದ ಹಿರಿಯರಿಗೂ ಗೊತ್ತಿತ್ತು. ಅವನ ಉತ್ಸಾಹ ನಿಜವಾದದ್ದೇ. ಆದರೆ ಆ ಉತ್ಸಾಹದಿಂದ ಹಿರಿಯರ ಹೊಣೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಹೊತಾರುವಿನ ತ್ಯಾಗವೂ ಅಷ್ಟೆ. ಅದು ಅವಳ ಮಟ್ಟಿಗೆ ಉದಾತ್ತ, ಅದನ್ನು ಸ್ವೀಕರಿಸಿದ ದೊಡ್ಡವರ ಮಟ್ಟಿಗೆ ಲಜ್ಜೆಗೇಡು. ಜಪಾನಿನಲ್ಲಿ ಮಕ್ಕಳಿಲ್ಲದೆ ಶಾಲೆ ಮುಚ್ಚುವುದು ಕಲ್ಪನೆಯ ಮಾತಲ್ಲ. 2002ರಿಂದ 2020ರ ನಡುವೆ ಅಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳು ಮುಚ್ಚಿವೆ. ಆ ಶಾಲೆಗಳನ್ನು ಹೇಗೆ ಉಳಿಸಬೇಕು ಎಂಬುದು ಊರಿನ, ಜಿಲ್ಲೆಯ, ದೇಶದ ಹಿರಿಯರು ಉತ್ತರಿಸಬೇಕಾದ ಪ್ರಶ್ನೆ. ಅದು ಮಗುವಿನ ಮುಂದೆ ಬಂದು ನಿಂತದ್ದೇ ಮೊದಲ ಅನ್ಯಾಯ.

ಅಮೆರಿಕದ ದಾರ್ಶನಿಕ ಜೋಯೆಲ್ ಫೈನ್‌ಬರ್ಗ್ 1980ರ ಒಂದು ಪ್ರಬಂಧದಲ್ಲಿ ಮಗುವಿಗೆ ತೆರೆದ ಭವಿಷ್ಯದ ಹಕ್ಕಿದೆ ಎಂದರು. ದೊಡ್ಡವರಾದ ಮೇಲೆ ಬಳಸಬೇಕಾದ ಕೆಲವು ಹಕ್ಕುಗಳನ್ನು ಮಗುವಿಗಾಗಿ ಈಗಲೇ ಕಾದಿರಿಸಬೇಕು, ಯಾರೂ ಆ ಬಾಗಿಲುಗಳನ್ನು ಮೊದಲೇ ಮುಚ್ಚಬಾರದು ಎಂಬುದು ಅವರ ವಾದ. ಅಸಾಧಾರಣ ಶಕ್ತಿಯ ಮಗುವಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಸಾಧಾರಣ ಮಗುವಿನ ಬಾಗಿಲುಗಳನ್ನು ಬಡತನವೋ ಜಾತಿಯೋ ಮುಚ್ಚುತ್ತದೆ. ಪ್ರತಿಭಾವಂತ ಮಗುವಿನ ಬಾಗಿಲುಗಳನ್ನು ಚಪ್ಪಾಳೆಯೇ ಮುಚ್ಚುತ್ತದೆ. ಒಂದು ಬಾಗಿಲು ಮಾತ್ರ ಅಗಲವಾಗಿ ತೆರೆದಿರುವುದರಿಂದ ಉಳಿದವು ಮುಚ್ಚಿದ್ದು ಯಾರಿಗೂ ಕಾಣುವುದಿಲ್ಲ.

ಇದು ಜಪಾನಿನಲ್ಲಿ ಚಿತ್ರಕಥೆಯ ಹೊರಗೂ ಒಮ್ಮೆ ನಡೆದಿದೆ. 1974ರಲ್ಲಿ ಮನೋಬಲದಿಂದ ವಸ್ತುಗಳನ್ನು ಬಾಗಿಸುವೆನೆಂದು ಹೇಳಿಕೊಳ್ಳುತ್ತಿದ್ದ ಯೂರಿ ಗೆಲರ್ ಅಲ್ಲಿಗೆ ಬಂದು ಟಿವಿಯಲ್ಲಿ ಚಮಚ ಬಾಗಿಸಿ ತೋರಿಸಿದ ಮೇಲೆ, ನಮಗೂ ಆ ಶಕ್ತಿ ಇದೆ ಎನ್ನುವ ಮಕ್ಕಳು ದೇಶದ ಎಲ್ಲೆಡೆ ಕಾಣಿಸಿಕೊಂಡರು. ವಾಹಿನಿಗಳು ಅವರನ್ನು ಕರೆದು ಮೆರೆಸಿದವು. ಅದೇ ವರ್ಷ ಪತ್ರಿಕೆಯೊಂದು ಅದರಲ್ಲಿನ ಕೈಚಳಕವನ್ನು ಬಯಲು ಮಾಡಿತು. ಮೋಸವನ್ನು ಬಯಲಿಗೆಳೆದದ್ದು ಸರಿಯೇ. ಆದರೆ ಚಮಚ ಬಾಗಿದಾಗ ಅದ್ಭುತ ಎನಿಸಿಕೊಂಡ ಬಾಲಕ, ಬಾಗದಿದ್ದಾಗ ಮೋಸಗಾರ ಎನಿಸಿಕೊಂಡ. ನಡುವೆ ಬರೀ ಬಾಲಕನಾಗಿ ನಿಲ್ಲಲು ಅವನಿಗೆ ಜಾಗ ಎಲ್ಲಿತ್ತು? ಮತ್ತೆ ಚಿತ್ರಕಥೆಗೆ ಬಂದರೆ, 1982ರಲ್ಲಿ ಕತ್ಸುಹಿರೊ ಒತೊಮೊ ಆರಂಭಿಸಿದ ‘ಅಕಿರಾ’ದಲ್ಲಿ ಸರ್ಕಾರದ ಪ್ರಯೋಗಕ್ಕೆ ಒಳಗಾದ ಮಕ್ಕಳ ದೇಹ ಪುಟ್ಟದು, ಮುಖ ಮುದುಕರದು, ಗುರುತಿಗೆ ಒಂದೊಂದು ಸಂಖ್ಯೆ. ಬಾಲ್ಯವನ್ನು ಕಸಿದುಕೊಂಡರೆ ಮಗು ಹೇಗೆ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಚಿತ್ರವನ್ನು ನಾನು ಕಂಡಿಲ್ಲ.

ಇಲ್ಲಿ ಮಿಕಾನ್‌ಳ ಶಕ್ತಿಯ ಬಗ್ಗೆ ಹೇಳಬೇಕು. ಅದು ಬೇರೆಯವರ ಆಲಿಸ್ ತನ್ನ ಮೇಲೆ ಕೆಲಸ ಮಾಡದಂತೆ ಶೂನ್ಯವಾಗಿಸುವ ಶಕ್ತಿ. ಅವಳು ಏನನ್ನೂ ಹೊತ್ತಿಸಲಾರಳು, ಹಾರಿಸಲಾರಳು, ನಿರ್ಮಿಸಲಾರಳು. ಮಾರುಕಟ್ಟೆಯಲ್ಲಿ ಇಟ್ಟರೆ ಕಣ್ಣಿಗೆ ಬೀಳುವಂಥದ್ದು ಅವಳಲ್ಲಿ ಮೊದಲಿಗೆ ಏನೂ ಇಲ್ಲ. ಆದರೆ ಸದಾ ಉರಿಯುತ್ತಿರುವ ನತ್ಸುಮೆಗೆ ಅವಳ ಹತ್ತಿರ ಮಾತ್ರ ಅಪಾಯಕಾರಿಯಲ್ಲದೆ ಇರಲು ಸಾಧ್ಯ; ಅವನ ಬೆಂಕಿ ಅವಳನ್ನು ಸುಡುವುದಿಲ್ಲ. ಅವಳ ಪಕ್ಕದಲ್ಲಿ ಅವನು ಬೆಂಕಿಯ ಹುಡುಗನಲ್ಲ, ಸಿಡುಕಿನ ಸ್ವಭಾವದ ಒಬ್ಬ ಹತ್ತು ವರ್ಷದವನು. ತನ್ನ ಪ್ರತಿಭೆಯಿಂದಲೇ ಸ್ವಲ್ಪ ಹೊತ್ತು ಬಿಡುಗಡೆ ಪಡೆಯುವುದು ಎಂಥ ದೊಡ್ಡ ಸ್ವಾತಂತ್ರ್ಯ ಎಂದು ಹಿಗುಚಿ ಇಲ್ಲಿ ತೋರಿಸಿಕೊಡುತ್ತಾರೆ. ಒನ್ ಎಂಬ ಕಾವ್ಯನಾಮದ ಲೇಖಕ 2012ರಲ್ಲಿ ಶುರು ಮಾಡಿದ ‘ಮಾಬ್ ಸೈಕೋ 100’ ಮಂಗಾದ ನಾಯಕನೂ ಇದನ್ನೇ ಬೇರೆ ದಾರಿಯಲ್ಲಿ ಅರಸುತ್ತಾನೆ. ಕಟ್ಟಡಗಳನ್ನೇ ಎತ್ತಬಲ್ಲ ಆ ಮಾಧ್ಯಮಿಕ ಶಾಲೆಯ ಹುಡುಗ ಟೆಲಿಪತಿ ಸಂಘ ಕರೆದರೂ ಹೋಗದೆ ದೇಹದಾರ್ಢ್ಯ ಸಂಘಕ್ಕೆ ಸೇರಿ, ನಾಲ್ಕು ಹೆಜ್ಜೆ ಓಡಿ ಕುಸಿಯುತ್ತಾನೆ. ತಾನು ಚೆನ್ನಾಗಿ ಮಾಡಲಾರದ್ದನ್ನು ಮಾಡುವ ಹಕ್ಕು ಅವನಿಗೆ ಬೇಕಾಗಿದೆ.

1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ, ಜಪಾನ್ 1994ರಲ್ಲಿ ಒಪ್ಪಿಕೊಂಡವು. ಮಗುವಿನ ಪ್ರತಿಭೆಯನ್ನು ಪೂರ್ಣವಾಗಿ ಅರಳಿಸುವುದು ಶಿಕ್ಷಣದ ಗುರಿ ಎಂದು ಅದರ 29ನೇ ವಿಧಿ ಹೇಳುತ್ತದೆ. ಪ್ರತಿಭಾ ಶಾಲೆಗಳೆಲ್ಲ ತೋರಿಸುವುದು ಈ ವಿಧಿಯನ್ನೇ. ಆದರೆ ಅದೇ ಒಡಂಬಡಿಕೆಯ 16ನೇ ವಿಧಿ ಮಗುವಿನ ಪತ್ರವ್ಯವಹಾರದಲ್ಲಿ ಮನಬಂದಂತೆ ಕೈಹಾಕಬಾರದು ಎನ್ನುತ್ತದೆ. 31ನೇ ವಿಧಿ ವಿಶ್ರಾಂತಿ, ಬಿಡುವು, ಆಟಗಳನ್ನು ಹಕ್ಕುಗಳೆನ್ನುತ್ತದೆ. ಮೂರನ್ನೂ ಒಟ್ಟಿಗೆ ಓದಿದರೆ ಪ್ರತಿಭೆ ಎಂಬುದು ಸಮಾಜ ಮಗುವಿಗೆ ತೀರಿಸಬೇಕಾದ ಋಣವಾಗಿ ಕಾಣುತ್ತದೆ: ಕಲಿಯಲು ಬೇಕಾದದ್ದನ್ನು ಒದಗಿಸುವ ಋಣ. ಮಗು ಸಮಾಜಕ್ಕೆ ತೀರಿಸಬೇಕಾದ ಸಾಲವಾಗಿ ಅದನ್ನು ಎಲ್ಲಿಯೂ ಹೇಳಿಲ್ಲ. ಅಕಾಡೆಮಿ ಈ ಲೆಕ್ಕವನ್ನೇ ತಿರುವುಮುರುವು ಮಾಡಿತು.

ಕಥೆಯ ಕೊನೆಯಲ್ಲಿ ಮಿಕಾನ್ ತನ್ನ ಆಲಿಸ್ ಕಳೆದುಕೊಳ್ಳುತ್ತಾಳೆ. ಶಕ್ತಿ ಹೋದವಳು ಒಳಗಿರುವಂತಿಲ್ಲ. ಅವಳ ನೆನಪುಗಳನ್ನು ಅಳಿಸಿ ಹೊರಗೆ ಕಳಿಸಲಾಗುತ್ತದೆ. ಅವಳನ್ನು ಮತ್ತೆ ಹುಡುಕಿಕೊಂಡು ಹೋಗುವವರು ಗೆಳೆಯರು. ಅವಳಿಂದ ಅವರಿಗೆ ಆಗಬೇಕಾದ ಕೆಲಸ ಏನೂ ಇಲ್ಲ. ಗೆಳೆಯರ ಪ್ರೀತಿಯನ್ನು ಸಂಸ್ಥೆಯಿಂದ ನಿರೀಕ್ಷಿಸಲಾಗದು ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪುತ್ತೇನೆ, ಪ್ರೀತಿಯನ್ನು ನಿಯಮಾವಳಿಯಲ್ಲಿ ಬರೆಯಲು ಬರುವುದಿಲ್ಲ. ಆದರೆ ಬರೆಯಬಹುದಾದ ಸಣ್ಣ ವಿಷಯಗಳು ಬಹಳ ಇವೆ. ದರ್ಜೆ ಯಾವುದೇ ಇರಲಿ, ಎಲ್ಲರಿಗೂ ಒಂದೇ ಊಟ, ಒಂದೇ ಬಗೆಯ ಕೋಣೆ. ಬಿಡಿಸಿ ಓದದೆ ಅಂಚೆಗೆ ಹಾಕುವ ಪತ್ರ. ಬಹುಮಾನವೆಂದಲ್ಲ, ರಜೆಯೆಂದು ಊರಿಗೆ ಹೋಗಿಬರುವ ದಾರಿ. ದೇಹ ಸವೆಸುವ ವಿದ್ಯೆಗೆ ವೈದ್ಯರು ಹಾಕುವ ಮಿತಿ. ಮತ್ತು ಒಂದು ದಿನ ಶಕ್ತಿ ಆರಿಹೋದರೆ, ಮರುದಿನವೂ ಅದೇ ತರಗತಿಯಲ್ಲಿ ಅದೇ ಬೆಂಚಿನ ಮೇಲೆ ಕೂರಲು ಆ ಮಗುವಿಗೆ ಜಾಗ.