ಸೋರುವ ಕೊಳ, ಯಾಪ್ಯದ ಧರ್ಮ

ಕೆಟ್ಟದ್ದನ್ನು ಸರಿಮಾಡು, ಆಗದಿದ್ದರೆ ಕೈಬಿಡು ಎನ್ನುವುದು ಲೋಕರೂಢಿ. ಇವೆರಡರ ನಡುವೆ ಮೂರನೆಯ ಕರ್ತವ್ಯವೊಂದಿದೆ: ಸದ್ಯಕ್ಕೆ ಸರಿಹೋಗದ್ದನ್ನು ಅದು ಇರುವ ಸ್ಥಿತಿಯಲ್ಲೇ ಕಾಪಾಡುವುದು. ಅದನ್ನು ಸೋತವರ ಕೆಲಸವೆಂದು ತಿಳಿಯುವವರೇ ಹೆಚ್ಚು. ಅದು ಪೂರ್ಣ ಕರ್ತವ್ಯವೆಂದೂ, ಎಷ್ಟೋ ಸಲ ಅದೊಂದೇ ಸರಿಯಾದ ಕರ್ತವ್ಯವೆಂದೂ ನನ್ನ ವಾದ. ಮಿಷಿಗನ್, ಮಿನ್ನೆಸೋಟ, ಒಂಟಾರಿಯೋ ಕಡೆಯ ಹಿತ್ತಲುಗಳಲ್ಲಿ, ಅಲ್ಲಿ ನೆಲೆಸಿರುವ ಕನ್ನಡಿಗರ ಕೆಲವು ಹಿತ್ತಲುಗಳಲ್ಲೂ, ನೆಲ ಅಗೆಯದೆ ಮೇಲೆಯೇ ನಿಲ್ಲಿಸಿದ ಈಜುಕೊಳಗಳಿರುತ್ತವೆ. ತಗಡಿನ ಗೋಡೆ, ಅಡಿಗೆ ಮರಳಿನ ಹಾಸು, ಒಳಗೆ ಮಿಲಿಮೀಟರ್ ದಪ್ಪವೂ ಇಲ್ಲದ ವಿನೈಲ್ ಲೈನರ್. 24 ಅಡಿ ವ್ಯಾಸದ ಇಂಥ ಕೊಳದಲ್ಲಿ ನಾಲ್ಕಡಿ ನೀರು ನಿಂತರೆ ಸುಮಾರು 51,000 ಲೀಟರ್. ಚಳಿ ಹೊಸ್ತಿಲಲ್ಲಿರುವ ಅಕ್ಟೋಬರಿನಲ್ಲಿ ಅದು ಸೋರಲು ತೊಡಗಿದರೆ ಏನು ಮಾಡಬೇಕು ಎಂಬ ಸಣ್ಣ ಪ್ರಶ್ನೆಯಲ್ಲಿ ಈ ಮೂರನೆಯ ಕರ್ತವ್ಯ ಇಡಿಯಾಗಿ ಕಾಣುತ್ತದೆ.

ಮೊದಲು ತೋಚುವ ಉಪಾಯ ನೀರನ್ನೆಲ್ಲ ಖಾಲಿ ಮಾಡುವುದು. ಆದರೆ ಈ ಕೊಳವನ್ನು ಬಿಗಿಯಾಗಿ ನಿಲ್ಲಿಸಿರುವುದೇ ನೀರು. ಅದರ ಭಾರ ಲೈನರನ್ನು ಗೋಡೆಗೂ ನೆಲಕ್ಕೂ ಒತ್ತಿ ಹಿಡಿದಿರುತ್ತದೆ, ತೆಳು ತಗಡು ಗಾಳಿಗೆ ಬಾಗದಂತೆ ಕಾಯುತ್ತದೆ. ಖಾಲಿಯಾದರೆ ಲೈನರ್ ಚಳಿಗೆ ಸೆಡೆತು ಕುಗ್ಗಿ, ಮುಂದೆ ನೀರು ತುಂಬುವಾಗ ಹರಿಯುತ್ತದೆ. ಗೋಡೆ ಒಂದು ಬಿರುಗಾಳಿಗೆ ಒಳಕ್ಕೆ ಮಡಚಿಕೊಳ್ಳಬಹುದು. ಹಾಗೆಂದು ಹೊದಿಕೆ ಎಳೆದು ಮರೆತುಬಿಡುವುದೂ ಅಷ್ಟೇ ಅಪಾಯ. ನೀರು ಅತಿ ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ; ಅದಕ್ಕಿಂತ ತಣ್ಣಗಾದದ್ದು ಮೇಲೆ ನಿಲ್ಲುವುದರಿಂದ ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತ ಬರುತ್ತದೆ. 10 ಸೆಂಟಿಮೀಟರ್ ದಪ್ಪ ಕಟ್ಟಿದರೆ ಆ ಗಡ್ಡೆಯೊಂದೇ ಸುಮಾರು 3,800 ಕಿಲೋ. ಕೆಳಗೆ ನೀರಿರುವ ತನಕ ಅದು ತೇಲುತ್ತದೆ. ನೀರು ಸೋರಿ ಇಳಿದರೆ ಅಂಚಿನಲ್ಲಿ ಲೈನರಿಗೆ ಕಚ್ಚಿಕೊಂಡು ಜೋತುಬೀಳುತ್ತದೆ. ಕುಸಿಯುವಾಗ ಲೈನರನ್ನು ಹರಿದು ಗೋಡೆಯನ್ನೂ ಒಳಕ್ಕೆಳೆಯಬಲ್ಲದು. ಹೊದಿಕೆಯ ಮೇಲೆ ಬಿದ್ದ ಹಿಮದ ಭಾರವೂ ಹಾಗೆಯೇ. ಹಾಗಾಗಿ ಉಳಿಯುವ ದಾರಿ ಒಂದೇ. ತೂತು ಸಿಕ್ಕರೆ ನೀರೊಳಗೇ ಅಂಟುವ ವಿನೈಲ್ ತೇಪೆ ಹಾಕಬೇಕು. ಗೋಡೆಯ ಮೇಲ್ಭಾಗದಲ್ಲಿ ತೇಲುವ ಕಸವನ್ನು ಎಳೆದುಕೊಳ್ಳುವ ಸ್ಕಿಮ್ಮರಿನ ಬಾಯಿಗಿಂತ ತುಸು ಕೆಳಕ್ಕೆ ನೀರಿಳಿಸಿ, ಪಂಪು, ಪೈಪುಗಳನ್ನು ಬರಿದು ಮಾಡಬೇಕು. ಆಮೇಲೆ ಚಳಿಗಾಲವಿಡೀ ಹೊದಿಕೆಯಡಿಯ ಮಟ್ಟ ನೋಡುತ್ತ, ಇಳಿದಾಗ ಮತ್ತೆ ತುಂಬಬೇಕು. ಹೊಸ ಲೈನರ್ ಹಾಕಲು ಆಗ ಕಾಲವಲ್ಲ. ಚಳಿಗೆ ಬಿರುಸಾದ ವಿನೈಲ್ ಹಿಗ್ಗುವುದಿಲ್ಲ, ಅದಕ್ಕೆ ಬಿಸಿಲು ಬೇಕು.

ಇಂಥ ಸ್ಥಿತಿಯನ್ನು ನಮ್ಮ ವೈದ್ಯಶಾಸ್ತ್ರ ಬಹಳ ಹಿಂದೆಯೇ ಗುರುತಿಸಿತ್ತು. ಪೂರ್ತಿ ವಾಸಿಯಾಗದ ರೋಗಗಳನ್ನೆಲ್ಲ ಚರಕಸಂಹಿತೆ ಒಂದೇ ಗುಂಪಿಗೆ ತಳ್ಳುವುದಿಲ್ಲ. ಚಿಕಿತ್ಸೆಯೇ ನಾಟದವು ಬೇರೆ; ಪಥ್ಯ, ಔಷಧ ನಡೆಯುವಷ್ಟು ಕಾಲ ರೋಗಿಯನ್ನು ಉಳಿಸಿಕೊಳ್ಳಬಹುದಾದ ಯಾಪ್ಯ ಬೇರೆ. ಮಧುಮೇಹವೂ ಸೇರುವ ಮೂತ್ರರೋಗಗಳ ಗುಂಪಾದ ಪ್ರಮೇಹದಲ್ಲಿ ಪಿತ್ತದಿಂದ ಬಂದದ್ದನ್ನು ಚರಕ ಯಾಪ್ಯವೆಂದೇ ಎಣಿಸಿದ. ಇನ್ನೇನು ಬೀಳಲಿರುವ ಮನೆಯನ್ನು ಸರಿಯಾಗಿ ಕೊಟ್ಟ ಊರುಗಂಬ ಹಿಡಿದು ನಿಲ್ಲಿಸುವಂತೆ ತಕ್ಕ ಚಿಕಿತ್ಸೆ ಯಾಪ್ಯರೋಗಿಯನ್ನು ನಿಲ್ಲಿಸುತ್ತದೆ ಎಂಬುದು ಸುಶ್ರುತನ ಮಾತಿನ ತಾತ್ಪರ್ಯ. ಇದು ಹಳೆಯ ಕಾಲದ ಅಸಹಾಯಕತೆ ಎನ್ನುವವರು ಅದೇ ಒಂಟಾರಿಯೋದ ಟೊರಾಂಟೊ ನಗರದತ್ತ ನೋಡಬೇಕು. 1922ರ ಜನವರಿಯಲ್ಲಿ ಅಲ್ಲಿ ಮೊದಲ ಬಾರಿಗೆ ಮಧುಮೇಹದ ಹುಡುಗನೊಬ್ಬನಿಗೆ ಇನ್ಸುಲಿನ್ ಕೊಟ್ಟರು. ಇನ್ಸುಲಿನ್ ರೋಗವನ್ನು ವಾಸಿ ಮಾಡಲಿಲ್ಲ, ಇವತ್ತಿಗೂ ಮಾಡುವುದಿಲ್ಲ. ಕೊರತೆಯಾದದ್ದನ್ನು ದಿನದಿನವೂ ತುಂಬುತ್ತದೆ. ಆ ಕೆಲಸವನ್ನು ಅರ್ಧಮರ್ಧ ವೈದ್ಯವೆಂದು ಯಾರೂ ಕರೆಯುವುದಿಲ್ಲ.

ಇಲ್ಲಿ ಪ್ಲೇಟೋನ ಆಕ್ಷೇಪವನ್ನು ಎದುರಿಸಬೇಕು. 'ಗೋರ್ಗಿಯಾಸ್' ಸಂವಾದದಲ್ಲಿ ಸಾಕ್ರಟೀಸ್ ಆಸೆಗೆ ಕಡಿವಾಣವಿಲ್ಲದವನ ಬಾಳನ್ನು ತೂತು ಹಂಡೆಗೆ ನೀರು ಹೊಯ್ಯುವ ವ್ಯರ್ಥ ದುಡಿಮೆಯಾಗಿ ಚಿತ್ರಿಸುತ್ತಾನೆ. ಸೋರುವ ಕೊಳಕ್ಕೆ ನೀರು ಬಿಡುವವನೂ ಅದೇ ಸಾಲಿನವನಲ್ಲವೇ? ಅಲ್ಲ ಎನ್ನಲು ನನಗೆ ಬಲವಾದ ಕಾರಣವಿದೆ. ಆಸೆಯ ಹಂಡೆಗೆ ಅಳತೆಯೂ ಇಲ್ಲ, ಅವಧಿಯೂ ಇಲ್ಲ. ಈ ಕೊಳದಲ್ಲಿ ಒಂದು ಸೆಂಟಿಮೀಟರ್ ಇಳಿದರೆ 420 ಲೀಟರ್ ಹೋಯಿತೆಂದು ಲೆಕ್ಕ ಸಿಗುತ್ತದೆ, ಮೇ ತಿಂಗಳ ಹೊತ್ತಿಗೆ ಈ ಕಾವಲು ಮುಗಿಯುತ್ತದೆಂದೂ ಗೊತ್ತಿದೆ. ತುಂಬಿದ್ದೆಲ್ಲ ಉಳಿಯಲೆಂದು ಇವನು ತುಂಬುವುದಿಲ್ಲ, ಗೋಡೆ ನಿಲ್ಲಲೆಂದು ತುಂಬುತ್ತಾನೆ.

ಇನ್ನೊಂದು ಆಕ್ಷೇಪ ನಮ್ಮೊಳಗಿನದೇ: ಹಾಳಾಗುವ ವಸ್ತುವಿನ ಮೇಲೆ ಇಷ್ಟು ಅಕ್ಕರೆ ಮೋಹವಲ್ಲವೇ, 'ಬಿಡು' ಎಂದು ವೈರಾಗ್ಯ ಹೇಳುವುದಿಲ್ಲವೇ? ಗೀತೆಯ ಹದಿನೆಂಟನೆಯ ಅಧ್ಯಾಯ ತ್ಯಾಗವನ್ನೇ ಮೂರಾಗಿ ಒಡೆದು ನೋಡುತ್ತದೆ. ಅರಿವಿಲ್ಲದೆ ಕರ್ತವ್ಯ ಬಿಟ್ಟರೆ ತಾಮಸ, ಮೈಗೆ ಕಷ್ಟವೆಂದು ಬಿಟ್ಟರೆ ರಾಜಸ. ಕೆಲಸವನ್ನು ಮಾಡುತ್ತಲೇ ಅಂಟನ್ನೂ ಫಲದ ಹಕ್ಕನ್ನೂ ಬಿಡುವುದು ಮಾತ್ರ ಸಾತ್ತ್ವಿಕ. ಜನವರಿಯ ಹಿಮದಲ್ಲಿ ಹೊದಿಕೆ ಎತ್ತಿ ಮಟ್ಟ ನೋಡಲು ಬೇಸರವಾಗಿ 'ಹೋದರೆ ಹೋಗಲಿ' ಎನ್ನುವುದು ಎರಡನೆಯ ಜಾತಿಗೆ ಸೇರುತ್ತದೆ, ಅದಕ್ಕೆ ವೈರಾಗ್ಯದ ಹೆಸರು ಸಲ್ಲದು. ನೋಡಿ, ತುಂಬಿ, ಆದರೂ ಲೈನರ್ ಉಳಿಯದಿದ್ದರೆ ಎದೆ ಒಡೆದುಕೊಳ್ಳದಿರುವುದು ನಿಜವಾದ ಬಿಡುಗಡೆ.

ಮೂರನೆಯ ಆಕ್ಷೇಪಕ್ಕೆ ನಾನು ಬಹಳಮಟ್ಟಿಗೆ ತಲೆಬಾಗುತ್ತೇನೆ. ನೀರು ಎಲ್ಲರದು, ವಿಲಾಸದ ಕೊಳಕ್ಕಾಗಿ ಅದನ್ನು ಮಣ್ಣಿಗೆ ಸುರಿಯುವುದು ತಪ್ಪು. ಹಾಗಾಗಿ ಕಾಯುವುದಕ್ಕೂ ಮಿತಿ ಬೇಕು. ಸೋರಿಕೆ ಸ್ಕಿಮ್ಮರಿನ ಮಟ್ಟದಲ್ಲಿದ್ದರೆ ನೀರನ್ನು ಅದರ ಕೆಳಗಿಳಿಸಿದೊಡನೆ ನಿಲ್ಲುತ್ತದೆ, ಪದೇ ಪದೇ ತುಂಬಬೇಕಿಲ್ಲ. ತಳದಲ್ಲಿದ್ದು, ಗೋಡೆಯ ಬುಡದ ಮರಳು ಕೊಚ್ಚಿಹೋಗಿ ತಗಡು ತುಕ್ಕು ಹಿಡಿದಿದ್ದರೆ ವಿಷಯ ಬೇರೆಯೇ. 51 ಟನ್ ನೀರು ಒಮ್ಮೆಗೇ ನುಗ್ಗಿದರೆ ನೆರೆಯವರ ಮಕ್ಕಳಿಗೂ ಅಪಾಯ. ಅಸಾಧ್ಯಕ್ಕೆ ಕೈಹಾಕಿದ ವೈದ್ಯ ಹಣ, ವಿದ್ಯೆ, ಯಶಸ್ಸು ಮೂರನ್ನೂ ಕಳೆದುಕೊಳ್ಳುತ್ತಾನೆ ಎಂದು ಚರಕಸಂಹಿತೆ ಎಚ್ಚರಿಸುತ್ತದೆ. ಯಾವುದು ಯಾಪ್ಯ, ಯಾವುದು ಅಸಾಧ್ಯ ಎಂದು ತೀರ್ಮಾನಿಸುವುದು ಕಾಯುವವನ ಮೊದಲ ಹೊಣೆ. ಅದನ್ನು ಆಸೆಗೂ ಬಿಡಬಾರದು, ಆಲಸ್ಯಕ್ಕೂ ಬಿಡಬಾರದು.

ಅಲ್ಲಿನ ಹಿತ್ತಲುಗಳಲ್ಲಿ ಇಂಥ ಕೊಳವಿರುವವರು ಹೊದಿಕೆ ಎಳೆಯುವ ಮೊದಲು ಗೋಡೆಯ ಬುಡವನ್ನು ಸುತ್ತಲೂ ಕೈಯಾಡಿಸಿ ನೋಡಲಿ. ಬುಡ ಗಟ್ಟಿಯಾಗಿದ್ದರೆ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ, ವಾರಕ್ಕೊಮ್ಮೆ ಅದನ್ನು ನೋಡಲಿ. ಬುಡ ಸಡಿಲಾಗಿದ್ದರೆ ಹಿಮ ಬೀಳುವ ಮೊದಲೇ ನೀರು ತೆಗೆದು ಕೊಳವನ್ನು ಬಿಚ್ಚಿಡಲಿ.